ಸಲಿಕೆಯ ಊರಿನ ಪುಸ್ತಕದ ಮನೆ

1877ರ ಮಾರ್ಚ್ 9ರಂದು ನಾರ್ತ್ ಈಸ್ಟನ್ ಎಂಬ ಊರಿನ ಆಲಿವರ್ ಏಮ್ಸ್ ಕಣ್ಣು ಮುಚ್ಚಿದ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕ್ವೆಸೆಟ್ ಎಂಬ ಹಳ್ಳದ ಮಗ್ಗುಲಲ್ಲಿ ಬೆಳೆದ ಊರು ಅದು. ಆಲಿವರನಿಗೆ ಆಗ 69 ವರ್ಷ. ಊರಿನ ಬಹಳಷ್ಟು ಮನೆಗಳ ಒಲೆ ಉರಿಯುತ್ತಿದ್ದದ್ದು ಅವನ ಮನೆತನದ ಕಾರ್ಖಾನೆಯ ಕೂಲಿಯಿಂದ. ಉಯಿಲು ಬಿಚ್ಚಿ ಓದಿದಾಗ ಅದರಲ್ಲಿ ಊರಿಗೆಂದೇ ತೆಗೆದಿಟ್ಟ ಒಂದು ಮೊತ್ತವಿತ್ತು: 50,000 ಡಾಲರ್. ಈಸ್ಟನ್ನಿನ ಜನ ಕಾಸು ಕೊಡದೆ ಓದಬಹುದಾದ ಒಂದು ಗ್ರಂಥಾಲಯ ಊರಿಗೆ ಬರಬೇಕು ಎಂಬುದು ಸತ್ತವನ ಇಚ್ಛೆಯಾಗಿತ್ತು.

ಈ ಹಣ ಎಲ್ಲಿಂದ ಬಂತು, ಬರುವ ಮುನ್ನ ಆ ಮನೆತನ ಏನೇನು ಕಂಡಿತು, ಏನೇನು ಉಂಡಿತು ಎಂಬುದನ್ನು ಬಿಟ್ಟು ಆ ಕಟ್ಟಡದ ಕಥೆ ಹೇಳಲು ಬರುವುದಿಲ್ಲ. ಅದಕ್ಕಾಗಿ ಸಲಿಕೆಯಿಂದಲೇ ಶುರು ಮಾಡಬೇಕು.

ಏಮ್ಸ್ ಮನೆತನದವರದು ಕಬ್ಬಿಣದ ಕಸುಬು. ಅಮೆರಿಕ ಇನ್ನೂ ಬ್ರಿಟಿಷ್ ದೊರೆಯ ಕೈಕೆಳಗಿದ್ದಾಗ, 1774ರ ಸುಮಾರಿಗೆ, ಜಾನ್ ಏಮ್ಸ್ ಎಂಬವನು ಪಕ್ಕದ ಬ್ರಿಜ್‌ವಾಟರ್‌ನಲ್ಲಿ ಕುಲುಮೆ ಹೂಡಿ ಸಲಿಕೆ ಬಡಿಯಲು ತೊಡಗಿದ. ಅವನ ಮಗ ಹಿರಿಯ ಆಲಿವರ್ 1803ರಲ್ಲಿ ಕಸುಬನ್ನು ಈಸ್ಟನ್ನಿಗೆ ತಂದ. ಹಳ್ಳಕ್ಕೆ ಒಡ್ಡು ಕಟ್ಟಿ ನೀರು ನಿಲ್ಲಿಸಿದರೆ ಆ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಭಾರದ ಸುತ್ತಿಗೆಯನ್ನು ಎತ್ತಿ ಇಳಿಸುತ್ತದೆ; ಹತ್ತು ತೋಳುಗಳ ಕೆಲಸ ಒಂದು ಹಳ್ಳದಿಂದ ಆಗುತ್ತದೆ. ಊರು ಹುಟ್ಟಿದ್ದು ಆ ಸುತ್ತಿಗೆಯ ಸದ್ದಿನ ಸುತ್ತ.

ಸಲಿಕೆ ನೋಡಲು ಏನೂ ಅಲ್ಲದ ವಸ್ತು. ಕೈಯಲ್ಲಿ ಹಿಡಿದವನಿಗೆ ಮಾತ್ರ ಅದರ ಗುಣ ತಿಳಿಯುತ್ತದೆ. ಅಂಚು ತೆಳ್ಳಗಿರಬೇಕು, ಕಾಲಿಟ್ಟು ಒತ್ತುವ ಹೆಗಲು ಗಟ್ಟಿಯಿರಬೇಕು, ನಡು ಬಾಗಬೇಕು ಆದರೆ ಮುರಿಯಬಾರದು. ಮರದ ಹಿಡಿಯನ್ನು ಹಬೆಗೆ ಹಿಡಿದು ಬಗ್ಗಿಸಿ, ತಗಡಿನಿಂದ ಮೇಲಕ್ಕೆ ಚಾಚಿದ ಎರಡು ಪಟ್ಟಿಗಳ ನಡುವೆ ಕೂರಿಸಿ ರಿವೆಟ್ ಬಡಿಯುತ್ತಿದ್ದರು. ತೂಕ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಬೆಳಗಿನಿಂದ ಸಂಜೆಯವರೆಗೆ ಮಣ್ಣೆತ್ತುವವನಿಗೆ ಅರ್ಧ ಪೌಂಡಿನ ವ್ಯತ್ಯಾಸ ಬೆನ್ನಿನಲ್ಲಿ ಗೊತ್ತಾಗುತ್ತದೆ. ಏಮ್ಸ್ ಸಲಿಕೆ ಹಗುರವಾಗಿತ್ತು, ಬಾಳಿಕೆ ಬರುತ್ತಿತ್ತು. ಕಾಲುವೆ ತೋಡುವವರು, ರೈಲುಹಾದಿಯ ಕೂಲಿಗಳು, 1849ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದವರು, ಆಮೇಲೆ ಅಂತರ್ಯುದ್ಧದಲ್ಲಿ ಕಂದಕ ಅಗೆದ ಸೈನಿಕರು, ಎಲ್ಲರ ಕೈಯಲ್ಲೂ ಅದೇ ಮುದ್ರೆ. ಪಶ್ಚಿಮದ ಗಡಿನಾಡಿನಲ್ಲಿ ಏಮ್ಸ್ ಸಲಿಕೆ ನಾಣ್ಯದಂತೆ ಚಲಾವಣೆಯಾಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು.

1844ರಲ್ಲಿ ಹಿರಿಯ ಆಲಿವರ್ ವ್ಯವಹಾರವನ್ನು ಇಬ್ಬರು ಮಕ್ಕಳ ಕೈಗಿತ್ತ. ದೊಡ್ಡವನು ಓಕ್ಸ್, 1804ರಲ್ಲಿ ಹುಟ್ಟಿದವನು. ಚಿಕ್ಕವನು ತಂದೆಯ ಹೆಸರನ್ನೇ ಹೊತ್ತ ಆಲಿವರ್, 1807ರವನು; ಗ್ರಂಥಾಲಯಕ್ಕೆ ಹಣ ಬಿಟ್ಟುಹೋದವನು ಇವನೇ. ಓಕ್ಸ್ ಮೈಕಟ್ಟಿನಲ್ಲೂ ಮಾತಿನಲ್ಲೂ ಒರಟು, ಧೈರ್ಯದವನು, ಮುಂದೆ ನುಗ್ಗುವವನು. ಆಲಿವರ್ ಅಳೆದು ತೂಗಿ ಹೆಜ್ಜೆಯಿಡುವವನು. 1852ರ ಮಾರ್ಚಿನಲ್ಲಿ ಬೆಂಕಿ ಬಿದ್ದು ಮರದ ಕಾರ್ಖಾನೆಗಳು ಸುಟ್ಟು ಬೂದಿಯಾದವು. ಅಣ್ಣತಮ್ಮಂದಿರು ಎದೆಗುಂದಲಿಲ್ಲ, ಅದೇ ಜಾಗದಲ್ಲಿ ಕಲ್ಲಿನಿಂದ ಮತ್ತೆ ಕಟ್ಟಿಸಿದರು. ಆ ಕಲ್ಲುಗೋಡೆಗಳು ಇಂದಿಗೂ ನಿಂತಿವೆ.

ಸಲಿಕೆಯಷ್ಟಕ್ಕೇ ನಿಂತಿದ್ದರೆ ಇದು ಒಂದು ಶ್ರೀಮಂತ ಮನೆತನದ ಸಾಧಾರಣ ಕಥೆಯಾಗುತ್ತಿತ್ತು. 1862ರಲ್ಲಿ ಅಮೆರಿಕದ ಸಂಸತ್ತು ಖಂಡದ ಉದ್ದಕ್ಕೂ ರೈಲುಹಾದಿ ಹಾಸುವ ಕಾನೂನು ಮಾಡಿತು. ಪೂರ್ವದಿಂದ ಯೂನಿಯನ್ ಪೆಸಿಫಿಕ್ ಕಂಪನಿ, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಕಂಪನಿ ಎದುರುಬದುರಾಗಿ ಹಳಿ ಹಾಸುತ್ತ ಬರಬೇಕು. ಸರ್ಕಾರ ಬಯಲಿನಲ್ಲಿ ಮೈಲಿಗೆ 16,000 ಡಾಲರಿನಿಂದ ಹಿಡಿದು ಬೆಟ್ಟಸಾಲಿನಲ್ಲಿ 48,000 ಡಾಲರಿನವರೆಗೆ ಬಾಂಡುಗಳ ರೂಪದಲ್ಲಿ ಸಾಲ ಕೊಡುತ್ತದೆ, ಜೊತೆಗೆ ಹಾದಿಯ ಇಕ್ಕೆಲದ ಭೂಮಿ. ಆ ಭೂಮಿ ಲಕೋಟಾ, ಶೈಯೆನ್ ಮುಂತಾದ ಮೂಲನಿವಾಸಿಗಳದಾಗಿತ್ತು. ಕಾನೂನು ಮಾಡುವಾಗ ಅವರ ಒಪ್ಪಿಗೆ ಕೇಳುವ ಗೋಜಿಗೆ ಸರ್ಕಾರ ಹೋಗಲಿಲ್ಲ. ಸಲಿಕೆಯ ಈ ಕಥೆಯನ್ನು ಹೇಳುವಾಗ ಆ ಸಂಕಟವನ್ನೂ ಹೇಳಲೇಬೇಕು. ಓಕ್ಸ್ 1863ರಿಂದ ಸಂಸತ್ತಿನ ಸದಸ್ಯನಾಗಿದ್ದ. ಹಣವಿಲ್ಲದೆ ತೆವಳುತ್ತಿದ್ದ ಯೂನಿಯನ್ ಪೆಸಿಫಿಕ್ಕಿಗೆ ಅಣ್ಣತಮ್ಮಂದಿರು ತಮ್ಮ ಬಂಡವಾಳ ಸುರಿದರು, ಬಾಸ್ಟನ್ನಿನ ಗೆಳೆಯರಿಂದ ತಂದು ಹಾಕಿದರು. ಆಲಿವರ್ ಮೊದಲು ಹಂಗಾಮಿಯಾಗಿ, ಆಮೇಲೆ 1871ರವರೆಗೆ ಪೂರ್ಣಾಧಿಕಾರದಿಂದ ಕಂಪನಿಯ ಅಧ್ಯಕ್ಷನಾಗಿದ್ದ. ಒಮಾಹಾದಿಂದ ಹೊರಟ ಹಳಿ 1,086 ಮೈಲಿ ಸಾಗಿ 1869ರ ಮೇ 10ರಂದು ಯೂಟಾದ ಪ್ರಾಮಂಟರಿ ಎಂಬಲ್ಲಿ ಎದುರಿನ ಹಳಿಯನ್ನು ಕೂಡಿಕೊಂಡಿತು. ಅಂದು ಅಮೆರಿಕದ ತುಂಬ ತಂತಿ ಸುದ್ದಿ ಹರಿದು ಊರೂರಲ್ಲಿ ಗಂಟೆ ಬಾರಿಸಿದರು.

ಆ ಹಳಿಯ ಅಡಿಯಲ್ಲೇ ಮನೆತನದ ಮಾನ ಸಿಕ್ಕಿಕೊಂಡಿತ್ತು.

ಕ್ರೆಡಿಟ್ ಮೊಬಿಲಿಯರ್ ಎಂಬ ಇನ್ನೊಂದು ಕಂಪನಿ ಇತ್ತು. ಹಾದಿ ಕಟ್ಟುವ ಗುತ್ತಿಗೆ ಅದರದು. ಗುತ್ತಿಗೆ ಕೊಡುವ ರೈಲು ಕಂಪನಿಯ ನಿರ್ದೇಶಕರು ಯಾರೋ, ಗುತ್ತಿಗೆ ಹಿಡಿಯುವ ಕಂಪನಿಯ ಷೇರುದಾರರೂ ಅವರೇ. ತಾವೇ ಕೇಳಿದ ಬೆಲೆಯನ್ನು ತಾವೇ ಕೊಟ್ಟುಕೊಳ್ಳಬಹುದು. ರೈಲು ಕಂಪನಿ ಬಡವಾದರೂ ಗುತ್ತಿಗೆ ಕಂಪನಿಯಲ್ಲಿ ಲಾಭ ಉಕ್ಕುತ್ತದೆ. 1867ರಲ್ಲಿ 667 ಮೈಲಿಯ ಗುತ್ತಿಗೆ ಓಕ್ಸನ ಹೆಸರಿಗೇ ಬಂತು. ಅದೇ ಚಳಿಗಾಲದಲ್ಲಿ ಅವನು ಸಂಸತ್ತಿನ ತನ್ನ ಸಂಗಾತಿಗಳಿಗೆ ಕ್ರೆಡಿಟ್ ಮೊಬಿಲಿಯರ್ ಷೇರುಗಳನ್ನು ಮುಖಬೆಲೆಗೇ ಹಂಚಿದ. ಪೇಟೆಯಲ್ಲಿ ಅದರ ಬೆಲೆ ಎಷ್ಟೋ ಪಾಲು ಹೆಚ್ಚಿತ್ತು. ಕೈಯಲ್ಲಿ ಕಾಸಿಲ್ಲದವರಿಗೆ ಲಾಭಾಂಶ ಬಂದಾಗ ಮುರಿದುಕೊಳ್ಳುತ್ತೇನೆ ಎಂದ. ಷೇರುಗಳನ್ನು ತಮಗೆ ಹೆಚ್ಚು ಉಪಯೋಗವಾಗುವ ಕಡೆ ಇಡುತ್ತಿದ್ದೇನೆ ಎಂಬ ಅರ್ಥದ ಅವನದೇ ಪತ್ರ 1872ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅಧ್ಯಕ್ಷ ಚುನಾವಣೆಯ ಹೊತ್ತು ಅದು. ದೇಶ ಹೊತ್ತಿ ಉರಿಯಿತು.

ವಿಚಾರಣೆಯಲ್ಲಿ ದೊಡ್ಡದೊಡ್ಡವರು ತಮಗೇನೂ ಗೊತ್ತಿಲ್ಲವೆಂದರು. ಓಕ್ಸ್ ಏಮ್ಸ್ ಒಂದು ಸಣ್ಣ ಟಿಪ್ಪಣಿ ಪುಸ್ತಕ ತೆಗೆದು, ಯಾರಿಗೆ ಎಷ್ಟು ಷೇರು, ಯಾರಿಗೆ ಎಷ್ಟು ಹಣ ಎಂದು ಒಂದೊಂದೇ ಹೇಳಿದ. ವಿಚಾರಣಾ ಸಮಿತಿ ಅವನನ್ನು ಸದನದಿಂದ ಹೊರಹಾಕಬೇಕೆಂದಿತು. ಸದನ 1873ರ ಫೆಬ್ರವರಿ ಕೊನೆಯಲ್ಲಿ ಹೊರಹಾಕದೆ ಖಂಡನಾ ನಿರ್ಣಯ ಅಂಗೀಕರಿಸಿತು. ಷೇರು ಪಡೆದವರಲ್ಲಿ ಹಲವರು ಅಧಿಕಾರದಲ್ಲಿ ಉಳಿದರು. ಆ ಪಟ್ಟಿಯಲ್ಲಿದ್ದ ಜೇಮ್ಸ್ ಗಾರ್ಫೀಲ್ಡ್ ಮುಂದೆ ದೇಶದ ಅಧ್ಯಕ್ಷನೇ ಆದ. ಓಕ್ಸ್ ಊರಿಗೆ ಮರಳಿ, ಅದೇ ವರ್ಷ ಮೇ 8ರಂದು ಪಾರ್ಶ್ವವಾಯು ಬಡಿದು ತೀರಿಕೊಂಡ. ಅವನು ತಪ್ಪು ಮಾಡಿದ್ದ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಕೊಟ್ಟವನೊಬ್ಬನ ತಲೆಯ ಮೇಲೆ ಎಲ್ಲ ಹೊರಿಸಿ ತೆಗೆದುಕೊಂಡವರನ್ನು ಬಿಟ್ಟದ್ದು ನ್ಯಾಯವಲ್ಲ ಎನ್ನುವುದರಲ್ಲೂ ಅನುಮಾನವಿಲ್ಲ.

ತಮ್ಮ ಆಲಿವರನ ಮೇಲೆ ಅಂಥ ಕಳಂಕ ಬರಲಿಲ್ಲ. ಆದರೆ ರೈಲು ಕಂಪನಿಯ ಅಧ್ಯಕ್ಷ ಅವನೇ. ಗುತ್ತಿಗೆಯ ಲಾಭದಲ್ಲಿ ಅವನಿಗೂ ಪಾಲಿತ್ತು. ಗ್ರಂಥಾಲಯಕ್ಕೆ ಬಿಟ್ಟುಹೋದ ಆ 50,000 ಡಾಲರಿನಲ್ಲಿ ಸಲಿಕೆಯದೆಷ್ಟು, ರೈಲಿನದೆಷ್ಟು ಎಂದು ಹಾಲು ನೀರು ಬೇರೆ ಮಾಡಲು ಯಾವ ಹಂಸಕ್ಕೂ ಆಗದು. ಅಣ್ಣ ಸತ್ತ ಮೇಲೆ ತಮ್ಮ ಬದುಕಿದ್ದು ನಾಲ್ಕೇ ವರ್ಷ.

ಉಯಿಲನ್ನು ನಡೆಸುವ ಹೊಣೆ ಮಕ್ಕಳಾದ ಫ್ರೆಡರಿಕ್ ಮತ್ತು ಹೆಲೆನ್ ಮೇಲೆ ಬಿತ್ತು. ಊರಿನಲ್ಲಿ ಗಾರೆಯವರಿಗೂ ಬಡಗಿಗಳಿಗೂ ಬರವಿರಲಿಲ್ಲ. ನಾಲ್ಕು ಗೋಡೆಯ ಮೇಲೊಂದು ಹಂಚಿನ ಮಾಡು ಹೊದಿಸಿ ಒಳಗೆ ಕಪಾಟು ಜೋಡಿಸಿದ್ದರೂ ತಂದೆಯ ಮಾತು ನಡೆದಂತಾಗುತ್ತಿತ್ತು. ಅವರು ಕರೆಸಿದ್ದು ಹೆನ್ರಿ ಹಾಬ್ಸನ್ ರಿಚರ್ಡ್‌ಸನ್‌ನನ್ನು. ಬಾಸ್ಟನ್ನಿನ ಟ್ರಿನಿಟಿ ಚರ್ಚ್ ಅದೇ 1877ರಲ್ಲಿ ಮುಗಿದು, ಅದನ್ನು ಕಟ್ಟಿದವನ ಹೆಸರು ದೇಶದ ತುಂಬ ಹರಡಿದ್ದ ಕಾಲ. ದಕ್ಷಿಣದ ಲೂಸಿಯಾನಾದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪ ಕಲಿತು, ಅಂತರ್ಯುದ್ಧದಿಂದ ಮನೆಯ ಹಣ ನಿಂತುಹೋದಾಗ ದುಡಿದು ಓದಿದವನು. ಭಾರೀ ಮೈ, ತುಸು ತೊದಲು ಮಾತು, ಒಳಗೊಳಗೇ ಕೊರೆಯುತ್ತಿದ್ದ ಮೂತ್ರಪಿಂಡದ ಕಾಯಿಲೆ. ಫ್ರಾನ್ಸ್, ಸ್ಪೇನ್ ದೇಶಗಳ ಸಾವಿರ ವರ್ಷ ಹಿಂದಿನ ಚರ್ಚುಗಳ ದಪ್ಪ ಗೋಡೆ, ದುಂಡು ಕಮಾನುಗಳು ಅವನ ಮನಸ್ಸನ್ನು ಹಿಡಿದಿದ್ದವು. ಅದೇ ಭಾಷೆಯಲ್ಲಿ ಅವನು ನಾರ್ತ್ ಈಸ್ಟನ್ನಿಗೆ ಗ್ರಂಥಾಲಯ ಬರೆದ. ನಾರ್‌ಕ್ರಾಸ್ ಸಹೋದರರು ಕಟ್ಟಿದರು. 1879ರಲ್ಲಿ ಕೆಲಸ ಮುಗಿಯಿತು.

ಬೀದಿಯಿಂದ ತುಸು ಎತ್ತರದಲ್ಲಿ, ನೆಲಕ್ಕೆ ಅಂಟಿಕೊಂಡು ಉದ್ದಕ್ಕೆ ಮಲಗಿದಂತೆ ಆ ಕಟ್ಟಡವಿದೆ. ಗೋಡೆಗೆ ಮಿಲ್‌ಫರ್ಡ್‌ನ ನಸುಗೆಂಪು ಛಾಯೆಯ ಗ್ರಾನೈಟ್. ಕಮಾನು, ಕಿಟಕಿಗಳ ಚೌಕಟ್ಟು, ಪಟ್ಟಿಕೆಗಳಿಗೆಲ್ಲ ಲಾಂಗ್‌ಮೆಡೋ ಗಣಿಯ ಕಂದುಗೆಂಪು ಮರಳುಗಲ್ಲು. ಬಾದಾಮಿಯ ಬಂಡೆಯನ್ನು ಮಳೆ ನೆನೆಸಿದಾಗ ಕಾಣುವ ಬಣ್ಣಕ್ಕೆ ಹತ್ತಿರದ್ದು. ಗ್ರಾನೈಟನ್ನು ನುಣ್ಣಗೆ ಮಾಡಿಲ್ಲ. ಗಣಿಯಿಂದ ಸೀಳಿ ತಂದ ಮುಖವನ್ನು ಹಾಗೆಯೇ ಹೊರಗೆ ಬಿಟ್ಟು, ಅಂಚು ಕೂಡುವಲ್ಲಿ ಮಾತ್ರ ಚಾಣ ಆಡಿಸಿದ್ದಾರೆ. ಅದರಿಂದ ಬೆಳಗಿನ ಓರೆಬಿಸಿಲಿಗೆ ಗೋಡೆಯ ಒಂದೊಂದು ಕಲ್ಲೂ ತನ್ನದೇ ನೆರಳು ಹಿಡಿದು ನಿಲ್ಲುತ್ತದೆ.

ಬಾಗಿಲಿನ ಕಮಾನಿನ ಮುಂದೆ ನಿಂತು ನೋಡಬೇಕು. ಎತ್ತರಕ್ಕಿಂತ ಅಗಲವೇ ಎದ್ದು ಕಾಣುವ ಅರ್ಧಚಂದ್ರ. ಅದನ್ನು ಹೊರುವ ಕಂಬಗಳಿಲ್ಲ. ದಪ್ಪ ಕಲ್ಲುಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿ ನೇರವಾಗಿ ಕೆಳಗಿನ ಗೋಡೆಗೆ ಭಾರ ಇಳಿಸುತ್ತವೆ. ಕಮಾನಿನ ಒಳಗೆ ನೆರಳು, ನೆರಳಿನ ಒಳಗೆ ಬಾಗಿಲು. ದಿನವಿಡೀ ಬಿಸಿ ಕಬ್ಬಿಣದ ಎದುರು ನಿಂತು ಬಂದ ಐರ್ಲೆಂಡಿನ, ಸ್ವೀಡನ್ನಿನ ವಲಸೆ ಕೆಲಸಗಾರರಿಗೆ ಇಂಥ ಕಲ್ಲಿನ ಬಾಗಿಲುಗಳು ತಮ್ಮ ದೇಶದಲ್ಲಿ ಚರ್ಚಿನದೋ ಸಾಹುಕಾರನದೋ ಆಗಿರುತ್ತಿದ್ದವು. ಇಲ್ಲಿ ಅದು ಪುಸ್ತಕಕ್ಕೆ ತೆರೆದಿತ್ತು.

ಒಳಗೆ ಎರಡು ಲೋಕ. ಒಂದು ಕಡೆ ಓದುವ ಕೋಣೆ, ಅದರಲ್ಲಿ ಆಳೆತ್ತರದ ಅಗ್ಗಿಷ್ಟಿಕೆ. ಅದರ ವಿನ್ಯಾಸ ರಿಚರ್ಡ್‌ಸನ್ನನ ಕಚೇರಿಯಲ್ಲಿ ಪಳಗಿದ ಸ್ಟ್ಯಾನ್‌ಫರ್ಡ್ ವೈಟ್‌ನದು. ಅದರಲ್ಲಿ ಕೂರಿಸಿದ ಪದಕಶಿಲ್ಪ ಅಗಸ್ಟಸ್ ಸೇಂಟ್-ಗಾಡೆನ್ಸನದು. ಇಬ್ಬರೂ ಆಗ ಹರೆಯದವರು. ಮುಂದೆ ತಂತಮ್ಮ ಕಲೆಯಲ್ಲಿ ಅಮೆರಿಕದ ದೊಡ್ಡ ಹೆಸರುಗಳಾದರು. ಇನ್ನೊಂದು ಕಡೆ ಪುಸ್ತಕದ ಪಡಸಾಲೆ: ಉದ್ದನೆಯ ಅಂಕಣ, ಮೇಲೆ ಪೀಪಾಯಿಯ ಒಳಮೈಯಂತೆ ದುಂಡಗೆ ಬಾಗಿದ ಮರದ ಚಾವಣಿ, ಇಕ್ಕೆಲದಲ್ಲಿ ಕಪಾಟುಗಳಿಂದ ಸುತ್ತುವರಿದ ಗೂಡುಗಳು, ಅವುಗಳ ಮೇಲೆ ಇನ್ನೊಂದು ಅಂತಸ್ತು, ಕಡೆದ ಕಡ್ಡಿಗಳ ಕಟಾಂಜನ. ಎಲ್ಲವೂ ಜೇನುಬಣ್ಣದ ಮರ. ಬೆಳಕು ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಕೂರಿಸಿದ ಕಿಟಕಿಗಳಿಂದ ಇಳಿಯುತ್ತದೆ.

ಈ ಚೆಲುವಿಗೆ ಅಂದಿನ ಗ್ರಂಥಪಾಲಕರು ಒಲಿಯಲಿಲ್ಲ. 1876ರಲ್ಲಿ ಅವರ ರಾಷ್ಟ್ರೀಯ ಸಂಘ ಹುಟ್ಟಿತ್ತು; ಪುಸ್ತಕ ಜೋಡಿಸುವುದು, ಹುಡುಕುವುದು, ಕೊಡುವುದು ಒಂದು ಶಾಸ್ತ್ರವಾಗುತ್ತಿತ್ತು. ಅವರಲ್ಲಿ ಹಿರಿಯನಾದ ವಿಲಿಯಂ ಫ್ರೆಡರಿಕ್ ಪೂಲ್ ಇಂಥ ಎತ್ತರದ ಪಡಸಾಲೆಗಳನ್ನು ಬಲವಾಗಿ ವಿರೋಧಿಸಿದ. ನಡುವಿನ ಜಾಗವೆಲ್ಲ ವ್ಯರ್ಥ, ಒಂದು ಪುಸ್ತಕಕ್ಕಾಗಿ ಮೆಟ್ಟಿಲು ಹತ್ತಿ ಇಳಿಯಬೇಕು, ಬಿಸಿಗಾಳಿ ಮೇಲೇರಿ ಅಲ್ಲಿಟ್ಟ ಪುಸ್ತಕಗಳ ಚರ್ಮದ ರಟ್ಟು ಒಣಗಿ ಪುಡಿಯಾಗುತ್ತದೆ ಎಂಬುದು ಅವನ ವಾದ. ಗ್ರಂಥಾಲಯದಲ್ಲಿ ದಿನಗಟ್ಟಲೆ ಕೆಲಸ ಮಾಡಿದವನ ಮಾತು ಅದು, ತಳ್ಳಿಹಾಕುವಂತಿಲ್ಲ. ಪುಸ್ತಕ ಹೆಚ್ಚಿದಂತೆ ಈ ಪಡಸಾಲೆಗಳು ಹಿಗ್ಗುವುದಿಲ್ಲ ಎಂಬುದೂ ನಿಜ. ಆದರೂ ಮನೆಯಲ್ಲಿ ಒಂದೇ ಒಂದು ಧರ್ಮಗ್ರಂಥ ಕಂಡಿದ್ದ ಕೂಲಿಕಾರನ ಮಗು ಮೊದಲ ಸಲ ಆ ಬಾಗಿದ ಚಾವಣಿಯ ಕೆಳಗೆ ಕತ್ತೆತ್ತಿ ನಿಂತಾಗ ಅದಕ್ಕೆ ಏನನ್ನಿಸಿರಬಹುದು ಎಂದು ಯೋಚಿಸಿದರೆ, ನಾನು ರಿಚರ್ಡ್‌ಸನ್ನನ ಪಕ್ಷ ವಹಿಸುತ್ತೇನೆ.

ಆ ಸುಮಾರಿನ ವರ್ಷಗಳಲ್ಲಿ ರಿಚರ್ಡ್‌ಸನ್ ಇಂಥವೇ ಇನ್ನೂ ಕೆಲವು ಗ್ರಂಥಾಲಯಗಳನ್ನು ಕಟ್ಟಿದ. ಮ್ಯಾಸಚೂಸೆಟ್ಸಿನ ಮೂರನ್ನು ಹೇಳಿದರೆ ಸಾಕು, ಮೂರೂ ಒಂದೊಂದು ಸಾವಿನ ಮೇಲೆ ಎದ್ದವು. ವೂಬರ್ನ್‌ನದು ಚರ್ಮ ಹದ ಮಾಡಿ ಸಿರಿವಂತನಾದ ಜೊನಾಥನ್ ವಿನ್‌ನ ನೆನಪಿಗೆ ಅವನ ಮಗ ಬಿಟ್ಟ ಹಣದಿಂದ. ಕ್ವಿನ್ಸಿಯದು ಕಲ್ಲುಕುಟಿಗನಾಗಿ ಬದುಕು ಶುರುಮಾಡಿದ ಥಾಮಸ್ ಕ್ರೇನ್‌ನ ನೆನಪಿಗೆ. ಮಾಲ್ಡೆನ್ನಿನ ಕಥೆ ಎದೆ ಕಲಕುತ್ತದೆ. ರಬ್ಬರ್ ಪಾದರಕ್ಷೆಯ ಕಾರ್ಖಾನೆಯ ಒಡೆಯ ಎಲಿಶಾ ಕಾನ್ವರ್ಸನ ಮಗ ಫ್ರಾಂಕ್ ಹದಿನೇಳರ ಹುಡುಗ. 1863ರ ಡಿಸೆಂಬರಿನಲ್ಲಿ ಊರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಕುಳಿತಿದ್ದಾಗ ಆ ಊರಿನ ಪೋಸ್ಟ್‌ಮಾಸ್ಟರನೇ ಬಂದು ಗುಂಡಿಟ್ಟು ಕೊಂದು ಹಣ ದೋಚಿದ. ಇಪ್ಪತ್ತು ವರ್ಷ ಕಳೆದ ಮೇಲೆ ತಂದೆತಾಯಿ ಆ ಮಗನ ಹೆಸರಿನಲ್ಲಿ ಊರಿಗೊಂದು ಗ್ರಂಥಾಲಯ ಕೊಟ್ಟರು. ಚರ್ಮ, ಕಲ್ಲು, ರಬ್ಬರು, ಸಲಿಕೆ: ಬೆವರಿನ ಕಸುಬುಗಳ ಗಳಿಕೆ ಒಂದರ ಹಿಂದೊಂದು ಪುಸ್ತಕವಾಗುತ್ತಿದ್ದ ಕಾಲ ಅದು.

ನಾರ್ತ್ ಈಸ್ಟನ್ನಿನಲ್ಲಿ ತಮ್ಮನ ಗ್ರಂಥಾಲಯದ ಗೋಡೆ ಏಳುವುದನ್ನು ಅಣ್ಣನ ಮಕ್ಕಳು ನೋಡುತ್ತಿದ್ದರು. ಖಂಡನೆಯ ಕಳಂಕ ಹೊತ್ತು ಸತ್ತ ತಂದೆಗೂ ಒಂದು ಗುರುತು ಬೇಕೆಂದು ಅವರಿಗೆ ಅನ್ನಿಸಿದ್ದು ಸಹಜ. ಅದೇ ರಿಚರ್ಡ್‌ಸನ್, ಅದೇ ಗ್ರಾನೈಟ್. ಗ್ರಂಥಾಲಯದ ಪಕ್ಕದಲ್ಲೇ ಬಂಡೆಯ ಮೇಲೆ ಓಕ್ಸ್ ಏಮ್ಸ್ ಸ್ಮಾರಕ ಭವನ ಎದ್ದಿತು. ಬಂಡೆಯನ್ನು ಕಡಿಯದೆ ಅದರ ಸಂದಿನಲ್ಲೇ ಮೆಟ್ಟಿಲು ಇಳಿಸಿದವನು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್. 1881ರ ನವೆಂಬರಿನಲ್ಲಿ ಭವನವನ್ನು ಊರಿಗೆ ಒಪ್ಪಿಸಿದರು. ಕಮಾನುಗಳ ಸಾಲು, ಗೋಪುರ, ಎತ್ತರದ ಮಾಡು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಊರಿನ ಆಡಳಿತ ಅಲ್ಲಿಗೆ ಬಂದು ನೆಲೆಸಲಿಲ್ಲ. ಆಗೊಂದು ಈಗೊಂದು ಸಭೆ ಸಮಾರಂಭಕ್ಕೆ ತೆರೆದು, ಉಳಿದ ದಿನಗಳಲ್ಲಿ ಅದು ಮುಚ್ಚಿದ ಬಾಗಿಲಿನ ಭವ್ಯ ಕಟ್ಟಡವಾಗಿಯೇ ಉಳಿಯಿತು.

ಗ್ರಂಥಾಲಯದ ಬಾಗಿಲು ಓದುಗರಿಗೆ ತೆರೆದದ್ದು 1883ರ ಮಾರ್ಚಿನಲ್ಲಿ. ಆಲಿವರ್ ತೀರಿಕೊಂಡು ಆಗಷ್ಟೇ ಆರು ವರ್ಷ ತುಂಬಿತ್ತು. ಅದೇ ವರ್ಷ ಮೇ 10ರಂದು, ಹಳಿಗಳು ಕೂಡಿದ ದಿನದ ಹದಿನಾಲ್ಕನೆಯ ವಾರ್ಷಿಕದಂದು, ಮ್ಯಾಸಚೂಸೆಟ್ಸಿನ ಶಾಸನಸಭೆ ಓಕ್ಸ್ ಏಮ್ಸನನ್ನು ದೋಷಮುಕ್ತನೆಂದು ಸಾರುವ ನಿರ್ಣಯ ಮಾಡಿತು. ವಾಷಿಂಗ್ಟನ್ನಿನ ಸಂಸತ್ತು ತನ್ನ ಖಂಡನೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಓಕ್ಸನ ಮಗ, ಮನೆತನದ ಮೂರನೆಯ ಆಲಿವರ್, 1887ರಲ್ಲಿ ರಾಜ್ಯದ ಗವರ್ನರ್ ಆದ. ಅದನ್ನು ನೋಡಲು ರಿಚರ್ಡ್‌ಸನ್ ಇರಲಿಲ್ಲ. 1886ರ ಏಪ್ರಿಲಿನಲ್ಲಿ, 47ರ ವಯಸ್ಸಿಗೆ, ಕಾಯಿಲೆ ಅವನನ್ನು ಒಯ್ದಿತ್ತು. ಆ ಒಂದೇ ಊರಿನಲ್ಲಿ ಅವನ ಕೈಯ ಐದು ಕಟ್ಟಡಗಳಿವೆ: ಗ್ರಂಥಾಲಯ, ಭವನ, ರೈಲು ನಿಲ್ದಾಣ, ಫ್ರೆಡರಿಕ್ ಏಮ್ಸನ ತೋಟದ ಹೆಬ್ಬಾಗಿಲ ಮನೆ, ತೋಟಗಾರನ ಮನೆ.

ಅಣ್ಣತಮ್ಮಂದಿರಿಬ್ಬರಿಗೂ ಸೇರಿ ಇನ್ನೊಂದು ಸ್ಮಾರಕವಿದೆ, ಬಹಳ ದೂರದಲ್ಲಿ. ವಯೋಮಿಂಗ್‌ನ ಷೆರ್ಮನ್ ಬಳಿ, ಯೂನಿಯನ್ ಪೆಸಿಫಿಕ್ ಹಾದಿ ಎಲ್ಲಕ್ಕಿಂತ ಎತ್ತರ ಮುಟ್ಟಿದ ಜಾಗದಲ್ಲಿ, ರೈಲು ಕಂಪನಿ ಇದೇ ರಿಚರ್ಡ್‌ಸನ್ನನಿಂದ 60 ಅಡಿಯ ಗ್ರಾನೈಟ್ ಪಿರಮಿಡ್ಡನ್ನು ಕಟ್ಟಿಸಿತು. ಒಂದು ಮುಖದಲ್ಲಿ ಓಕ್ಸ್, ಇನ್ನೊಂದರಲ್ಲಿ ಆಲಿವರ್, ಕೆತ್ತಿದವನು ಸೇಂಟ್-ಗಾಡೆನ್ಸ್. ಹೋಗಿ ಬರುವ ರೈಲುಗಳಿಂದ ಪ್ರಯಾಣಿಕರು ನೋಡಲಿ ಎಂದು ಅದನ್ನು ಅಲ್ಲಿ ನಿಲ್ಲಿಸಿದ್ದು. 1901ರ ಹೊತ್ತಿಗೆ ಕಂಪನಿ ಹಳಿಯನ್ನೇ ದಕ್ಷಿಣಕ್ಕೆ ಸರಿಸಿತು. ಷೆರ್ಮನ್ ಎಂಬ ಊರು ಖಾಲಿಯಾಯಿತು. ಪಿರಮಿಡ್ ಹುಲ್ಲುಗಾವಲಿನ ಗಾಳಿಯಲ್ಲಿ ಒಂಟಿಯಾಗಿ ಉಳಿಯಿತು.

ನಾರ್ತ್ ಈಸ್ಟನ್ನಿನಲ್ಲಿ 1931ರಲ್ಲಿ ಗ್ರಂಥಾಲಯಕ್ಕೆ ಮಕ್ಕಳಿಗಾಗಿ ಹೊಸ ಭಾಗ ಸೇರಿಸಿದರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸಲಿಕೆಯ ಕೆಲಸ ಊರು ಬಿಟ್ಟಿತು. ಜೇಸಿಬಿಗಳ ಕಾಲದಲ್ಲಿ ಸಲಿಕೆಗೆ ಆ ಹಿಂದಿನ ಬೇಡಿಕೆ ಎಲ್ಲಿ? 1987ರಲ್ಲಿ ರಿಚರ್ಡ್‌ಸನ್ನನ ಕಟ್ಟಡಗಳ ಗುಂಪನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಸಾರಿದರು. ಕಾರ್ಖಾನೆಗಳಿಗೆ ಆ ಭಾಗ್ಯ ಸುಲಭವಾಗಿ ಸಿಗಲಿಲ್ಲ. 2009ರಲ್ಲಿ ಅವುಗಳಲ್ಲಿ ಕೆಲವನ್ನು ಕೆಡವಿ ಮನೆ ಕಟ್ಟುವ ಮಾತು ಬಂದಾಗ ಊರಿನವರು ಅಡ್ಡ ನಿಂತರು. ಬೆಂಕಿ ತಿಂದ ಮೇಲೆ ಕಟ್ಟಿದ ಆ ಕಲ್ಲುಗೋಡೆಗಳ ಒಳಗೆ ಈಗ ಬಾಡಿಗೆ ಮನೆಗಳಿವೆ. ಸಲಿಕೆಯ ತಗಡು ಕಾಯಿಸುತ್ತಿದ್ದ ಜಾಗದಲ್ಲಿ ಸಂಸಾರಗಳು ಅಡುಗೆ ಮಾಡುತ್ತವೆ, ಮಕ್ಕಳು ಬೆಳೆಯುತ್ತವೆ. ಅಲ್ಲಿಂದ ಆಲಿವರನ ಗ್ರಂಥಾಲಯಕ್ಕೆ ಕೆಲವೇ ನಿಮಿಷದ ನಡಿಗೆ. ಪುಸ್ತಕ ತರಲು ಇಂದಿಗೂ ಯಾರೂ ಕಾಸು ಕೊಡಬೇಕಿಲ್ಲ.